ಬೊಗ್ಗುವಿನ ಹತ್ತಿರ ಹೇಳಿದ ಮಾತು

ಕಮಲಾವತಿಗೆ ಮದುವೆಯಾಗಿ ಮೂವತ್ತೊಂದು ವರ್ಷ. ಈ ಮೂವತ್ತೊಂದು ವರ್ಷಗಳಲ್ಲಿ ಆಕೆ ಗಂಡನ ಮುಖ ನೋಡಿ ನೇರವಾಗಿ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಜಗಳವಲ್ಲ, ಮುನಿಸೂ ಅಲ್ಲ, ಅವಳು ಕಲಿತ ಕ್ರಮವೇ ಹಾಗೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆ ಎಂದು ಅತ್ತೆ ಹೆದರಿಸಿಟ್ಟಿದ್ದರು. ‘ರೀ’ ಎನ್ನುವುದು ಪೇಟೆಯವರ ನಾಟಕ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಬರೀ ‘ನೀವು’ ಎನ್ನಲು ನಾಚಿಕೆ. ಹಾಗಾಗಿ ಹೊಸದರಲ್ಲಿ ಗಂಡನಿಗೆ ಹೇಳಬೇಕಾದದ್ದನ್ನು ಹಟ್ಟಿಯ ಕರುವಿನ ಹತ್ತಿರ ಹೇಳಿದಳು. ಮಗಳು ದೀಕ್ಷಿತಾ ಹುಟ್ಟಿದ ಮೇಲೆ ತೊಟ್ಟಿಲಿನ ಹತ್ತಿರ ಹೇಳಿದಳು, “ಗಂಜಿ ಆಗಿದೆ ಅಂತ ನಿನ್ನ ಅಪ್ಪನಿಗೆ ಹೇಳು.” ಮೂರು ತಿಂಗಳ ಮಗು ಏನು ಹೇಳೀತು? ಆದರೂ ಗಂಡ ಮೇದಪ್ಪ ಎದ್ದು ಕೈ ತೊಳೆದು ಊಟಕ್ಕೆ ಕೂರುತ್ತಿದ್ದ. ಸಂಸಾರ ಹೀಗೆಯೇ ಸುಸೂತ್ರವಾಗಿ ನಡೆದುಕೊಂಡು ಬಂತು.

ಮೇದಪ್ಪನೋ ಮಾತಿನ ಮಲ್ಲ. ಕಡಬದಿಂದ ಪಂಜಕ್ಕೆ ಜೀಪು ಓಡಿಸುತ್ತಿದ್ದವನು. “ಪಂಜ, ಪಂಜ, ಪಂಜ” ಎಂದು ಅವನು ಕೂಗಿದರೆ ಹೋಟೆಲಿನಲ್ಲಿ ಕೂತವರು ಅರ್ಧ ಚಹಾ ಬಿಟ್ಟು ಓಡಿ ಬರುತ್ತಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನ ಜೊತೆಗೆ ಆ ಬಾಯಿಯೂ ಹೋಯಿತು. ಪುತ್ತೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಕಮಲಾವತಿಯನ್ನು ಕರೆದು ಹೇಳಿದರು, “ಅವರಿಗೆ ಎಲ್ಲ ಅರ್ಥ ಆಗ್ತದೆ ಅಮ್ಮ. ಮಾತಾಡ್ತಾ ಇರಿ. ಉತ್ತರ ಕೊಡ್ಲಿಕ್ಕೆ ಸ್ವರ ಹೊರಟ್ರೆ ಅದನ್ನು ಬಿಡ್ಬೇಡಿ. ಒಮ್ಮೆ ಅವರೇ ಬೇಡ ಅಂತ ನಿಲ್ಲಿಸಿದ್ರೆ ಮತ್ತೆ ಹೊರಡಿಸುದು ಕಷ್ಟ.”

ಆ ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಆದರೆ ಮಾತಾಡುವುದು ಯಾರ ಹತ್ತಿರ? ದೀಕ್ಷಿತಾ ಮದುವೆಯಾಗಿ ಪಂಜ ಸೇರಿದ್ದಳು. ಕೋಡಿಂಬಾಳದ ಈ ಬಾಡಿಗೆ ಮನೆಯಲ್ಲಿ ಕರುವೂ ಇಲ್ಲ, ಬೆಕ್ಕೂ ಇಲ್ಲ. ಫೆಬ್ರವರಿಯಲ್ಲಿ ಮಗಳು, ಅಪ್ಪನಿಗೆ ಹೊತ್ತು ಹೋಗಲಿ ಎಂದು, ಬಿಸ್ಕಿಟಿನ ರಟ್ಟಿನ ಪೆಟ್ಟಿಗೆಯಲ್ಲಿ ಕಂದು ಬಣ್ಣದ ನಾಯಿಮರಿಯೊಂದನ್ನು ತಂದಿಟ್ಟು ಹೋದಳು. ಅದೇ ಬೊಗ್ಗು. ಕಮಲಾವತಿಗೆ ಮಾತು ಸಾಗಿಸಲು ಒಂದು ಜೀವ ಸಿಕ್ಕಿತು.

ಅವಳು ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಅಡುಗೆ ಮಾಡುವವಳು. ಬೆಳಿಗ್ಗೆ ಹೋದರೆ ಬರುವುದು ಮೂರೂವರೆಗೆ. ನಡುವೆ ಪಕ್ಕದ ಮನೆಯ ಪೋಕರ್ ಬ್ಯಾರಿ ಬಂದು ಮೇದಪ್ಪನಿಗೆ ಚಹಾ ಕುಡಿಸಿ, ಪೇಪರು ಓದಿ ಹೇಳಿ ಹೋಗುತ್ತಿದ್ದರು. ಮೂರೂವರೆಗೆ ಮೆಟ್ಟಿಲಿನಲ್ಲಿ ಅವಳ ಚಪ್ಪಲಿಯ ಸದ್ದಾದದ್ದೇ ತಡ, ಬೊಗ್ಗುವಿನ ಕುಂಯ್ ಕುಂಯ್ ಶುರು. ಬಾಲ ಆಡಿಸುವುದು ಎಂದರೆ ಸಾಲದು, ಇಡೀ ಮೈಯೇ ಆಡುತ್ತಿತ್ತು. ಸಂತೋಷ ತಡೆಯಲಾರದೆ ಜಗಲಿಯಲ್ಲೇ ಉಚ್ಚೆ ಹೊಯ್ದುಕೊಂಡು, ಕಿವಿಗೆ ಸೂಜಿ ಚುಚ್ಚಿದ ಹಾಗೆ ಕಿರುಚುತ್ತಿತ್ತು. ಅವಳು ಬಗ್ಗಿ ಅದರ ಕಿವಿ ಹಿಡಿದು ಕೇಳುತ್ತಿದ್ದಳು, “ಎಂತ ಮಾರಾಯ ನಿಂದು ಬೊಬ್ಬೆ? ನಿನ್ನ ಯಜಮಾನ್ರು ಮದ್ದು ತಕೊಂಡ್ರಾ? ಚಾ ಕುಡ್ದ್ರಾ?”

ಜಗಲಿಯ ಮಂಚದ ಮೇಲಿಂದ “ಊಂ” ಎಂದು ಉತ್ತರ ಬರುತ್ತಿತ್ತು. ಮಾರ್ಚ್ ಹೊತ್ತಿಗೆ ಅದು “ಆಯ್” ಎಂಬಲ್ಲಿಗೆ ಬಂತು. ‘ಆಯ್ತು’ ಎನ್ನಲು ಇನ್ನು ಸ್ವಲ್ಪವೇ ಬಾಕಿ ಎಂದು ಅವಳು ಶಾಲೆಯಲ್ಲಿ ಅನ್ನದ ಪಾತ್ರೆ ಇಳಿಸುವಾಗಲೂ ಲೆಕ್ಕ ಹಾಕುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಗೆ ಪೋಕರ್ ಬ್ಯಾರಿಯ ಮಗಳು ಆಯಿಶತ್ ಶಿಫಾ ಹಸುಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಎರಡೂ ಮನೆಗೆ ಒಂದೇ ಗೋಡೆ. ಪೋಕರ್ ಬ್ಯಾರಿಯ ಹೆಂಡತಿ ಪಾತುಮ್ಮ ಒಂದು ವಾರ ತಡೆದುಕೊಂಡು, ಕೊನೆಗೆ ಸಂಕೋಚದಿಂದಲೇ ಬಾಯಿ ಬಿಟ್ಟರು. “ಕಮಲಕ್ಕ, ನಿಮ್ಮ ನಾಯಿಯ ಮೇಲೆ ನಂಗೆ ಬೇಜಾರಿಲ್ಲ. ಆದ್ರೆ ಮಗು ಆಗಷ್ಟೇ ನಿದ್ದೆ ಮಾಡಿರ್ತದೆ, ಮೂರೂವರೆಗೆ ಬೆಚ್ಚಿ ಬೀಳ್ತದೆ. ಮತ್ತೆ ಸಂಜೆವರೆಗೆ ಅಳುದೇ.”

ದಿನಾ ಗಂಡನಿಗೆ ಚಹಾ ಕುಡಿಸುವ ಮನೆಯವರು ಹೇಳಿದ ಮೇಲೆ ಕಮಲಾವತಿಗೆ ನಿಂತ ನೆಲ ಬಿಸಿಯಾಯಿತು. ಬೊಗ್ಗುವಿನ ಬಾಯಿಗೆ ಬಿಸ್ಕಿಟು ತುರುಕಿದಳು. ಅದು ನುಂಗಿ, ಇನ್ನೊಂದಕ್ಕಾಗಿ ಎರಡರಷ್ಟು ಕಿರುಚಿತು. ಹಿಂದಿನ ಬಾಗಿಲಿಗೆ ಕಟ್ಟಿದಳು, ಆಗಂತೂ ಊರೇ ಕೇಳಿಸಿಕೊಂಡಿತು. ಗದರಿದರೆ, ಅಮ್ಮ ಮಾತಾಡಿದಳಲ್ಲಾ ಎಂದು ಅದಕ್ಕೆ ಇನ್ನಷ್ಟು ಖುಷಿ. ಯಾರಿಗಾದರೂ ಕೊಟ್ಟುಬಿಡಿ ಎಂದು ಶಾಲೆಯಲ್ಲಿ ಹೇಳಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವಳು ಅವಳಲ್ಲ. ಒಂದು ಶನಿವಾರ ಮರಿಯನ್ನು ಚೀಲದಲ್ಲಿ ಕೂರಿಸಿಕೊಂಡು, ನಾಯಿ ಬೆಕ್ಕುಗಳಿಗೆ ಮದ್ದು ಕೊಡುವ ವಿಷ್ಣುಪ್ರಸಾದ್ ಡಾಕ್ಟರ ಹತ್ತಿರ ಕಡಬಕ್ಕೆ ಹೋದಳು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕಿವಿ ಬಗ್ಗಿಸಿ ನೋಡಿ ನಕ್ಕರು. “ಹಸಿವೆ ಅಲ್ಲ, ಹುಳವೂ ಅಲ್ಲ. ಖುಷಿ ಹೆಚ್ಚಾದದ್ದು. ಅದು ಕಿರುಚುದು, ನೀವು ಬಗ್ಗಿ ಮಾತಾಡುದು. ಕಿರುಚಿದ್ರೇ ಅಮ್ಮ ಬಾಯಿ ಬಿಡುದು ಅಂತ ಅದು ಕಲ್ತಿದೆ. ಇನ್ನು ಮನೆಗೆ ಬಂದ ಕೂಡ್ಲೆ ಐದು ನಿಮಿಷ ಅದರ ಕಡೆ ನೋಡ್ಬೇಡಿ, ಮಾತಾಡ್ಬೇಡಿ, ಮುಟ್ಬೇಡಿ. ಬಾಯಿ ಮುಚ್ಚಿ ಕೂತ ಮೇಲೆ ಮೆಲ್ಲ ತಲೆ ಸವರಿ. ಮೊದ್ಲು ಎರಡು ಮೂರು ದಿನ ಜಾಸ್ತಿ ಆಗ್ತದೆ, ಸೋಲ್ಬೇಡಿ. ಹೊಡೀಲಿಕ್ಕಂತೂ ಇಲ್ಲ.”

ಕಮಲಾವತಿ ಹಿಡಿದ ಕೆಲಸ ಬಿಡುವವಳಲ್ಲ, ಅದೇ ಅವಳ ಗುಣ, ಅದೇ ಅವಳ ದೋಷ. ಡಾಕ್ಟರು ಐದು ನಿಮಿಷ ಎಂದದ್ದನ್ನು ಅವಳು ಇಡೀ ಸಂಜೆಗೆ ಎಳೆದಳು. ಎಲ್ಲಿ ಒಂದು ಮಾತಾಡಿ ಕಲಿಸಿದ್ದೆಲ್ಲ ನೀರುಪಾಲಾಗುತ್ತದೋ ಎಂಬ ಹೆದರಿಕೆ. ಮೆಟ್ಟಿಲು ಹತ್ತುವಳು, ಜಗಲಿಯ ಕಡೆ ಕಣ್ಣೆತ್ತದೆ ಒಳಗೆ ಹೋಗುವಳು, ಚೀಲ ಇಟ್ಟು, ಕಾಲು ತೊಳೆದು, ಒಲೆ ಹಚ್ಚುವಳು. ಗಂಡನ ಪಕ್ಕದಲ್ಲಿ ಚಹಾದ ಲೋಟ ಇಡುವಳು, ಮದ್ದು ಬಾಯಿಗೆ ಹಾಕುವಳು, ತುಟಿ ಒರೆಸುವಳು. ಎಲ್ಲ ಮೌನ. ಮೂರನೆಯ ದಿನ ಬೊಗ್ಗು ಕಿರುಚಿದ್ದಕ್ಕೆ ಅವಳಿಗೇ ಅಳು ಬಂತು, ಆದರೂ ತಿರುಗಲಿಲ್ಲ. ಆರನೆಯ ದಿನ ಕಿರುಚಾಟ ಮುಲುಕಾಟಕ್ಕೆ ಇಳಿಯಿತು. ಎಂಟನೆಯ ದಿನ ಅದು ಬಾಗಿಲ ಬಳಿ ಕೂತು, ಬಾಲದಿಂದ ನೆಲ ಗುಡಿಸುತ್ತ, ಬಾಯಿ ಮುಚ್ಚಿ ಅವಳನ್ನೇ ನೋಡಿತು. ಅವಳು ತಲೆ ಸವರಿದಳು. ಗೆದ್ದೆ ಎಂದುಕೊಂಡಳು.

ಅದೇ ವಾರ ಮೇದಪ್ಪ ಗಂಜಿಯನ್ನು ಅರ್ಧಕ್ಕೇ ಬಿಡತೊಡಗಿದ್ದ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಸೆಕೆ ಇರಬೇಕು, ಮದ್ದಿನ ಉಷ್ಣ ಇರಬೇಕು ಎಂದು ಅವಳು ಎಳನೀರು ತರಿಸಿ ಕುಡಿಸಿದಳು.

ಒಂಬತ್ತನೆಯ ದಿನ ಸಂಜೆ ಪಾತುಮ್ಮ ಒಂದು ತಟ್ಟೆಯಲ್ಲಿ ಆಗಷ್ಟೇ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಹಿಡಿದುಕೊಂಡು ಬಂದರು. ಮಗುವಿಗೆ ಈಗ ಒಳ್ಳೆ ನಿದ್ದೆ, ನಿಮಗೆ ಪುಣ್ಯ ಬರಲಿ ಎಂದರು. ಮತ್ತೆ ಸ್ವರ ತಗ್ಗಿಸಿ ಕೇಳಿದರು, “ಅಲ್ಲ ಕಮಲಕ್ಕ, ನಾಯಿದು ನಿಂತದ್ದು ಸರಿ. ಮೇದಪ್ಪಣ್ಣಂದು ಕೂಡ ಕೇಳುದಿಲ್ಲಲ್ಲ. ಮೊದ್ಲು ನಾಯಿ ಕೂಗಿದ ಹಿಂದೆಯೇ ಅವರ ಸ್ವರವೂ ಬರ್ತಿತ್ತು ಗೋಡೆಯಾಚೆ. ಕಾಯಿಲೆ ಜೋರುಂಟಾ ಅವರಿಗೆ?”

ಪಾತುಮ್ಮ ಹೋದ ಮೇಲೂ ಕಮಲಾವತಿ ತಟ್ಟೆ ಹಿಡಿದೇ ನಿಂತಿದ್ದಳು. ಎಂಟು ದಿನ. ನಾಯಿಯ ಕಡೆ ನೋಡಬಾರದೆಂದು ಅವಳು ಜಗಲಿಯಲ್ಲಿ ಕಣ್ಣೆತ್ತಿರಲೇ ಇಲ್ಲ, ಆ ಮಂಚ ಇದ್ದದ್ದೂ ಜಗಲಿಯಲ್ಲೇ. ನಾಯಿಯ ಹತ್ತಿರ ಮಾತು ಬಿಟ್ಟ ದಿನವೇ ಗಂಡನ ಹತ್ತಿರವೂ ಬಿಟ್ಟಿದ್ದಳು. ಮರಿಗಾದರೂ ಕೊನೆಗೆ ತಲೆ ಸವರಿದ್ದಳು. ಮಂಚದಲ್ಲಿದ್ದವನು ಏನೆಂದುಕೊಂಡಿರಬಹುದು? ತನ್ನ ಅರೆಬರೆ ಸ್ವರ ಹೆಂಡತಿಗೆ ಸಾಕಾಯಿತು ಎಂದುಕೊಂಡು ಅವನೂ ಬಾಯಿ ಮುಚ್ಚಲು ಕಲಿತನೇ? ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಜಗಲಿಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ಹಾಗೆ ಕೂತದ್ದೂ ಹೊಸದೇ.

“ನೀವು ಚಾ ಕುಡ್ದ್ರಾ?” ಎಂದಳು.

ಮೇದಪ್ಪ ಮೆಲ್ಲಗೆ ಗೋಡೆಯಿಂದ ಮುಖ ತಿರುಗಿಸಿದ. ಅವಳನ್ನು ನೋಡಲಿಲ್ಲ. ಕೆಳಗೆ ಕೂತಿದ್ದ ಬೊಗ್ಗುವನ್ನು ನೋಡಿದ. ಅಷ್ಟು ದಿನಗಳ ಮೇಲೆ ಅವಳ ಸ್ವರ ಕೇಳಿ ಅದು ಎದ್ದು ಮತ್ತೆ ಕುಂಯ್‌ಗುಡಲು ಶುರುಮಾಡಿತ್ತು. ಅವಳು ಅದನ್ನು ಸುಮ್ಮನಿರಿಸಲು ಹೋಗಲಿಲ್ಲ.

“ಅದರತ್ರ ಅಲ್ಲ,” ಎಂದಳು, “ನಿಮ್ಮತ್ರ ಕೇಳಿದ್ದು.”

ಆಗ ಅವನು ಅವಳನ್ನು ನೋಡಿದ. ಎಡಗಡೆಯ ತುಟಿ ಅಲುಗಿತು. ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆಯಿತು, ಬರೀ ಉಸಿರು ಬಂತು. ಕಣ್ಣಲ್ಲಿ ನೀರು ತುಂಬಿ ಅವನು ಮತ್ತೆ ಗೋಡೆಗೆ ತಿರುಗಲು ಹೊರಟ. ಅವಳು ಅವನ ಗಲ್ಲ ಹಿಡಿದು ನಿಲ್ಲಿಸಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು.