ಕಾಂಚನಾಳ ಜೋಳದ ಹೊಲ

ಯಾವ ದೇವರನ್ನು ನಂಬಬೇಕೆಂದು ಅವರವರೇ ಆರಿಸಿಕೊಳ್ಳಬಹುದು ಎಂದು ಸಂವಿಧಾನದಲ್ಲಿದೆ. ಕಾಗವಾಡ ಸೀಮೆಯ ನಮ್ಮೂರಿಗೆ ಅದಿನ್ನೂ ಮುಟ್ಟಿಲ್ಲ.

ಕಾಂಚನ ಆರು ವರ್ಷದಿಂದ ಯೇಸುವನ್ನು ನಂಬಿದವಳು. ಹೋದ ಸುಗ್ಗಿಯಲ್ಲಿ ಊರ ಹಿರಿಯರು ಅವಳ ಮನೆಯ ಭಾನುವಾರದ ಪ್ರಾರ್ಥನೆ ನಿಲ್ಲಬೇಕೆಂದರು. ಅವಳು ಒಪ್ಪಲಿಲ್ಲ. ಅವಳ ಹೊಲಕ್ಕೆ ಯಾರೂ ಮುಯ್ಯಾಳಾಗಿ ಹೋಗಬಾರದೆಂದು ಕಟ್ಟಳೆ ಮಾಡಿದರು. ಇಂದು ನಿನ್ನ ಹೊಲದಲ್ಲಿ ನಾನು ದುಡಿದರೆ ನಾಳೆ ನನ್ನ ಹೊಲದಲ್ಲಿ ನೀನು ದುಡಿಯುವುದು ಇಲ್ಲಿನ ಮುಯ್ಯಿ. ಅದರಲ್ಲಿ ಕೂಲಿಯ ಮಾತಿಲ್ಲ. ಅಷ್ಟರಲ್ಲಾಗಲೇ ಕಾಂಚನ ಹನ್ನೊಂದು ಮನೆಯವರ ಜೋಳ ಕಿತ್ತು ಕೊಟ್ಟಿದ್ದಳು. ತನ್ನ ಸರದಿ ಬಂದಾಗ ಯಾರೂ ಬರಲಿಲ್ಲ. ತೆನೆಗೆ ಹಕ್ಕಿ ಮುತ್ತಿದ್ದವು. ಒಬ್ಬಳೇ ಕೀಳತೊಡಗಿದಳು.

“ನಿಮ್ಮ ಯೇಸೂನ್ನ ಕರಿ, ಜ್ವಾಳ ಕೀಳ್ತಾನ,” ಎಂದು ದಾರಿಹೋಕರು ನಕ್ಕರು.

ಮೂರನೆಯ ದಿನ ಕುರಿ ಸಾಕುವ ಮುದುಕಿ ಸತ್ತೆವ್ವ ಬಂದಳು, ಹಣೆ ತುಂಬ ದೇವರ ಭಂಡಾರದ ಅರಿಸಿನ.

“ಯಾಕ್ ಬಂದಿ ಆಯಿ? ನಿನಗೂ ಬೈತಾರ,” ಎಂದಳು ಕಾಂಚನ.

“ಬೈಲಿ ಬೇ. ನೀ ನನ್ನ ಹೊಲದಾಗ ಎರಡು ದಿನ ಬೆನ್ನ ಬಗ್ಗಿಸಿ ದುಡದಿ. ನಾಳೆ ನಮ್ಮ ಬೀರದೇವ್ರು ಕೇಳಿದ್ರ ನಾ ಏನ್ ಹೇಳ್ಲಿ? ಸಾಲು ಹಿಡಿ, ಮಾತು ಸಾಕು.”

ಮುಂದಿನ ನಾಲ್ಕು ದಿನದಲ್ಲಿ ಇಬ್ಬರೇ ಹೊಲ ಮುಗಿಸಿದರು. ಪ್ರಾರ್ಥನೆ ಒಂದು ಭಾನುವಾರವೂ ನಿಂತಿಲ್ಲ. ಕಾಂಚನ ದೇವರಿಗೆ ಸ್ತೋತ್ರ ಹೇಳುವಾಗ ಮೊದಲು ಬರುವುದು ಸತ್ತೆವ್ವಳ ಹೆಸರು. ಬಾರದ ಹತ್ತು ಮನೆಗಳನ್ನೂ ಒಳ್ಳೆಯದಾಗಲೆಂದು ಹರಸುತ್ತಾಳೆ. ಅವಳಿಗೆ ಸಿಟ್ಟಿಲ್ಲ, ನನಗಿದೆ. ಆ ಹತ್ತರಲ್ಲಿ ನನ್ನ ಮನೆಯೂ ಒಂದು.

ನಿಮ್ಮೂರಲ್ಲೂ ಇಂಥ ಹೊಲವೊಂದು ಇದ್ದೀತು. ಹಿರಿಯರ ಮುಖ ನೋಡದೆ ನಾಳೆಯೇ ಹೋಗಿ ಮುಯ್ಯಿ ತೀರಿಸಿ.