ಫಿಟ್‌ನೆಸ್ ಸರ್ಟಿಫಿಕೇಟಿಗೆ ಒಂದು ಸಹಿ

ಗೆಳೆಯರೇ, ಸ್ಪೀಚ್ ಥೆರಪಿಯ ಪಿಜಿ ಕೋರ್ಸಿಗೆ ನನ್ನ ಅರ್ಜಿ ಇವತ್ತು ಅಂತೂ ಹೋಯಿತು. ಕೊನೆಯ ದಿನವೂ ಇವತ್ತೇ. ಫಿಟ್‌ನೆಸ್ ಸರ್ಟಿಫಿಕೇಟಿಗೆ ಡಾಕ್ಟರ ಸಹಿಯೊಂದೇ ಬಾಕಿ ಇತ್ತು. ಬೆಳಿಗ್ಗೆ ಕಮಲಾಪುರದಿಂದ ಬಸ್ಸು ಹಿಡಿದು ಕಲಬುರಗಿಗೆ ಬಂದು, ಸೇಡಂ ರಸ್ತೆಯ ಒಂದು ಕ್ಲಿನಿಕ್ಕಿಗೆ ಹೋದೆ.

ಡಾಕ್ಟರು ಬಿಪಿ ನೋಡಿದರು. ಆಮೇಲೆ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಅಕ್ಷರಗಳೆಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ನನಗೆ ಚಿಕ್ಕಂದಿನಿಂದ ಉಗ್ಗು. ‘ಪ’ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಅವರು ಪೆನ್ನು ಕೆಳಗಿಟ್ಟರು.

“ನಿನಗ ಮಾತ ಸರಳ ಬರವಲ್ದು, ಮಂದಿಗೆ ಏನ ಕಲಸ್ತೀಯವಾ? ಬ್ಯಾರೆ ಏನರ ಓದು.”

ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷ ಇದೇ ಡಿಗ್ರಿ ಓದಿ, ಎರಡು ವರ್ಷದಿಂದ ಮಕ್ಕಳಿಗೆ ಥೆರಪಿ ಕೊಡುತ್ತಿರುವವಳು ನಾನು. ಅದನ್ನೇ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದೇ ಬೇರೆ.

“ಸರ್, ನೀವು ಚಷ್ಮಾ ಹಾಕ್ಕೊಂಡೇ ನನ್ನ ಕಣ್ಣ ಟೆಸ್ಟ್ ಮಾಡ್ಲಿಲ್ಲೇನ್ರಿ?”

ಇಷ್ಟು ಹೇಳಿ ಮುಗಿಸಲು ಪೂರ್ತಿ ಒಂದು ನಿಮಿಷ ಹಿಡಿಯಿತು. ಮೂರು ಕಡೆ ಮಾತು ತಡೆಯಿತು, ಆದರೂ ಬಿಡಲಿಲ್ಲ. ಪಕ್ಕದಲ್ಲಿದ್ದ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಡಾಕ್ಟರು ಪೆನ್ನು ಎತ್ತಿಕೊಂಡು ಸಹಿ ಹಾಕಿ, ಠಸ್ಸೆ ಒತ್ತಿ ಕಾಗದವನ್ನು ಮುಂದೆ ತಳ್ಳಿದರು.

ಜಗತ್ ಸರ್ಕಲ್ಲಿನ ಸೈಬರ್ ಅಂಗಡಿಯಲ್ಲಿ ಎಲ್ಲ ಅಪ್‌ಲೋಡ್ ಆದಮೇಲೆ ಎದೆ ಹಗುರಾಯಿತು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ.

“ಸಹಿ ಆತೇನವಾ? ಡಾಕ್ಟ್ರು ಏನಂದ್ರು?”

“ಆಮ್ಯಾಲ ಏನೂ ಅನ್ಲಿಲ್ಲಪಾ. ಇವತ್ತ ಮಾತಾಡಿದಾಕಿ ನಾನೇ.”