ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

ವಿಮಾನ ಓಡಿಸುವವನ ಮನೆ ಬಸವೇಶ್ವರನಗರದಲ್ಲಿ ಇರಬಾರದು. ಏರ್‌ಪೋರ್ಟ್ ಊರಿನ ಆ ತುದಿ, ನಾವು ಈ ತುದಿ. ಗೌರಿ ಹಬ್ಬವಿರಲಿ, ಮಗಳ ಸ್ಕೂಲ್ ಡೇ ಇರಲಿ, ಯಾವುದೋ ಊರಿನ ಹೋಟೆಲಿನಿಂದ ಹೆಂಡತಿಗೆ ಫೋನ್ ಮಾಡಿ ನಾನು ಹೇಳುತ್ತಿದ್ದುದು ಒಂದೇ ಮಾತು: "ಇವತ್ತು ಬರೋಕಾಗಲ್ಲ ಕಣೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಅವಳು "ಹೂಂ" ಎಂದು ಫೋನ್ ಇಡುತ್ತಿದ್ದಳು.

ಆ ದಿನ ಅವಳು ನನ್ನ ವಿಮಾನದಲ್ಲೇ ಇದ್ದಳು, ಪುಣೆಯ ತಂಗಿ ಮನೆಯಿಂದ ವಾಪಸ್ಸು ಬರುತ್ತ. ಜೊತೆಗೆ ಕುರುಬರಹಳ್ಳಿಯ ಒಂದು ಮದುವೆ ದಿಬ್ಬಣ. ಮೇಲಿಂದ ಮೇಲೆ ಡ್ಯೂಟಿ ಮಾಡಿ ನನ್ನ ಕಣ್ಣು ಉರಿಯುತ್ತಿತ್ತು. ಅರ್ಧ ದಾರಿ ದಾಟಿದ ಮೇಲೆ ಎಡಗಡೆಯ ಇಂಜಿನ್ ನಡುಗತೊಡಗಿತು. ಥತ್, ಇವತ್ತೇ ಆಗಬೇಕಿತ್ತಾ! ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು.

ಇಂಜಿನ್ನಿನ ಬಿಸಿ ಏರುತ್ತಲೇ ಇತ್ತು. ನಿಲ್ಲಿಸಲೇಬೇಕು. ಆದರೆ ಅವಸರದಲ್ಲಿ ಕೆಟ್ಟದ್ದನ್ನು ಬಿಟ್ಟು ಸರಿಯಿದ್ದದ್ದನ್ನು ನಿಲ್ಲಿಸಿದರೆ ಎಲ್ಲರ ಕಥೆಯೂ ಮುಗಿದಂತೆ. ಲಿವರ್ ಮೇಲೆ ಕೈಯಿಟ್ಟು ಪಕ್ಕದ ಪೈಲಟ್‌ನನ್ನು ಕೇಳಿದೆ, "ಎಡಗಡೇದು ತಾನೆ?"

ಅವನು ಬಗ್ಗಿ ನೋಡಿ, "ಹೌದು ಸಾರ್, ಎಡಗಡೇದೇ" ಎಂದ. ನಿಲ್ಲಿಸಿದೆವು.

ವಿಮಾನ ಎಡಕ್ಕೆ ಎಳೆಯಿತು. ನೇರಕ್ಕೆ ತರಲು ಬಲಗಾಲಿನಿಂದ ಪೆಡಲ್ ಒತ್ತಿ ಹಿಡಿದೆ. ಹಿಂದೆ ಹೆಂಡತಿ ಕೂತಿದ್ದಾಳೆ ಎಂಬುದನ್ನು ತಲೆಯಿಂದ ಆಚೆ ತಳ್ಳಿದೆ, ಹೋಗಲಿಲ್ಲ. ಪ್ರಯಾಣಿಕರಿಗೆ ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಬಾಯಿಪಾಠದ ಮಾತು ಸರಾಗವಾಗಿ ಬಂತು. ಕನ್ನಡಕ್ಕೆ ಬಾಯಿಪಾಠವಿರಲಿಲ್ಲ. "ಒಂದು ಇಂಜಿನ್ ಆಫ್ ಮಾಡಿದ್ದೀವಿ. ಇನ್ನೊಂದರಲ್ಲೇ ಬೆಂಗಳೂರಲ್ಲಿ ಇಳೀತೀವಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದುಬಿಟ್ಟೆ. ದಿಬ್ಬಣದವರೆಲ್ಲ ಗೊಳ್ಳೆಂದು ನಕ್ಕರೆಂದು ಏರ್‌ಹೋಸ್ಟೆಸ್ ಆಮೇಲೆ ಹೇಳಿದಳು.

ಹೇಗೋ ಇಳಿದೆವು. ಎಲ್ಲರನ್ನೂ ಕಳಿಸಿಕೊಡಲು ಬಾಗಿಲಲ್ಲಿ ನಿಂತಾಗ ಬಲಗಾಲು ನನ್ನದೇ ಅಲ್ಲವೆನ್ನಿಸುತ್ತಿತ್ತು. ದಿಬ್ಬಣದ ಅಜ್ಜಿಯೊಬ್ಬರು, "ಅಡ್ಜಸ್ಟ್ ಮಾಡ್ಕೊಂಡ್ವಿ ಕಣಪ್ಪಾ, ನೂರು ವರ್ಷ ಬಾಳು" ಎಂದು ಕೆನ್ನೆ ಸವರಿ ಹೋದರು.

ವಿಚಾರಣೆ, ಸಹಿ ಎಲ್ಲ ಮುಗಿಸಿ, ಕಾದು ಕೂತಿದ್ದ ಹೆಂಡತಿಯ ಜೊತೆ ಕ್ಯಾಬ್ ಹತ್ತಿದೆ. ರಾಜಾಜಿನಗರದ ಸಿಗ್ನಲ್ ಬಂದರೂ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ನಾನೇ ಕೇಳಿದೆ, "ಎಲ್ರೂ ನಕ್ರಂತೆ. ನೀನು ನಗ್ಲಿಲ್ವಾ?"

"ನಾನು ಅಳ್ತಾ ಕೂತಿದ್ದೆ."

"ಯಾಕೇ? ಇಳೀತೀವಿ ಅಂತ ಹೇಳಿದ್ನಲ್ಲ."

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. "ಅಡ್ಜಸ್ಟ್ ಮಾಡ್ಕೋ ಅಂದ ದಿನ ನೀವು ಯಾವತ್ತು ರೀ ಮನೆಗೆ ಬಂದಿದ್ದೀರಾ?"